ಹಳೆ ಅಂಬಾಸಿಡರ್‌ಗೆ ಪವರ್ ಡಿಸ್ಕ್ ಬ್ರೇಕ್: ನನ್ನ ಅನುಭವ

ಬೆಳಗಾವಿಯಲ್ಲಿ ಈ ಕೆಲಸ ಆಗುವುದಿಲ್ಲ ಎಂದವರೇ ಜಾಸ್ತಿ. ಆಗಿದೆ. ನನ್ನ 1984ರ ಮಾರ್ಕ್ 4 ಪೆಟ್ರೋಲ್ ಅಂಬಾಸಿಡರ್ ಮುಂದೆ ಹಳೆ ಡ್ರಮ್ ಬ್ರೇಕ್ ಬದಲು ಡಿಸ್ಕ್, ಜೊತೆಗೆ ವ್ಯಾಕ್ಯೂಮ್ ಬೂಸ್ಟರ್ (ಎಂಜಿನ್ನಿನ ಎಳೆತದಿಂದ ಪೆಡಲ್ ಒತ್ತಿಗೆ ಬಲ ಕೂಡಿಸುವ ಭಾಗ) ಹಾಕಿಸಿಕೊಂಡು ಒಂದು ಮಳೆಗಾಲ ಪೂರ್ತಿ ಓಡಿದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಸಾಖಳಿ ಮುಟ್ಟುವವರೆಗೂ ಪೆಡಲ್ ಮನೆ ಬಿಟ್ಟಾಗ ಎಲ್ಲಿತ್ತೋ ಅಲ್ಲೇ ನಿಂತಿರುತ್ತದೆ. ಡ್ರಮ್ ಬಿಚ್ಚಿ ಲೈನರ್ ಹಾಕಿ ಕೈ ಪಳಗಿದವರಿಗೆ ಬರೆಯುತ್ತಿದ್ದೇನೆ, ಹಾಗಾಗಿ ಜಾಕ್ ಎಲ್ಲಿ ಕೊಡಬೇಕು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಶಹಾಪುರದ ಒಬ್ಬ ಮಿಸ್ತ್ರಿ ಮೊದಲೇ ಹೇಳಿದ್ದರು: "ಡಿಸ್ಕ್ ಯಾಕ್ ಬೇಕ್ರೀ ಸಾಹೇಬ್ರ ಈ ಗಾಡಿಗೆ? ಒಂದ್ ಬೂಸ್ಟರ್ ಹಾಕ್ರಿ, ಮುಗೀತು." ಅವರು ಅಂಬಾಸಿಡರ್ ರಿಪೇರಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು, ಅವರ ಮಾತು ತೆಗೆದುಹಾಕುವಂಥದ್ದಲ್ಲ. ಅದಕ್ಕೇ ಮೊದಲು ಅದನ್ನೇ ಮಾಡಿ ನೋಡಿದೆ. ಡ್ರಮ್ ಹಾಗೇ ಇಟ್ಟು ಬೂಸ್ಟರ್ ಮಾತ್ರ. ಗೋವಾವೇಸ್ ಸರ್ಕಲ್ ಹತ್ತಿರ ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಗಾಡಿ ಮೂಗು ನೆಲಕ್ಕೆ ಹಚ್ಚುತ್ತಿತ್ತು. ಮುಂದಿನ ಡ್ರಮ್‌ನಲ್ಲಿ ಎರಡೂ ಶೂ (ಒಳಗಿನಿಂದ ಡ್ರಮ್‌ಗೆ ಒತ್ತುವ ಭಾಗ) ತಿರುಗುವ ಡ್ರಮ್ಮಿನ ಜೊತೆ ತಾವೇ ಕಚ್ಚಿಕೊಳ್ಳುತ್ತವೆ, ಅದರ ಮೇಲೆ ಬೂಸ್ಟರ್ ಬಲವೂ ಸೇರಿದರೆ ಹದ ಎಲ್ಲಿ ಸಿಗಬೇಕು? ಅತ್ತ ಘಾಟ್‌ನಲ್ಲಿ ಡ್ರಮ್ ಕಾದು ಹಿಗ್ಗಿದಾಗ ಅದೇ ಬೂಸ್ಟರ್ ಏನೂ ಮಾಡಲಿಲ್ಲ, ಪೆಡಲ್ ಕೆಳಗೆ ಕೂರುತ್ತಲೇ ಹೋಯಿತು. ಡಿಸ್ಕ್‌ಗೆ ಹಾಗೆ ತಾನೇ ಕಚ್ಚುವ ಗುಣ ಇಲ್ಲ. ಬೂಸ್ಟರ್ ಇರುವುದೇ ಅದಕ್ಕಾಗಿ. ಎರಡನ್ನೂ ಒಟ್ಟಿಗೆ ಹಾಕಬೇಕು, ಇಲ್ಲ ಎರಡೂ ಬೇಡ.

ಇಸುಜು ಎಂಜಿನ್ ಬಂದ ಮೇಲಿನ ಕೆಲವು ಅಂಬಾಸಿಡರ್‌ಗಳಲ್ಲಿ ಕಂಪನಿಯೇ ಮುಂದೆ ಡಿಸ್ಕ್ ಕೊಟ್ಟಿತ್ತು. 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಂತಿತು, ಈಗ ಗುಜರಿಯೇ ಗತಿ. ಕೊಲ್ಹಾಪುರ ಕಡೆಯ ಒಂದು ಗುಜರಿಯಿಂದ "ಚಾಲೂ ಐತಿ" ಎಂದು ಕೊಟ್ಟ ಕ್ಯಾಲಿಪರ್ (ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಭಾಗ) ಜೋಡಿ ತಂದೆ. ರಬ್ಬರ್ ಬೂಟ್ ಸರಿಸಿ ನೋಡಿದರೆ ಪಿಸ್ಟನ್ ಮೇಲೆ ಸಾಸಿವೆ ಕಾಳಿನಷ್ಟು ತುಕ್ಕಿನ ಗುಳಿಗಳು. ಪಾಲಿಶ್ ಮಾಡಿ ಹೊಸ ಸೀಲ್ ಹಾಕಿದರೂ ಆಯಿಲ್ ಜಿನುಗಿತು. ನಾಲ್ಕು ಸಾವಿರದಷ್ಟು ಹೋಯಿತು. ನಡುವೆ ಒಬ್ಬರ ಸಲಹೆಯಂತೆ ಓಮ್ನಿಯ ಕ್ಯಾಲಿಪರ್‌ಗೆ ಪ್ಲೇಟ್ ಕತ್ತರಿಸಿ ಬ್ರಾಕೆಟ್ ಮಾಡಿಸಿದೆ. ಕೂತಿತು, ಆದರೆ ಹಿಡಿಯಲಿಲ್ಲ. ಹಗುರ ಗಾಡಿಯ ಸಣ್ಣ ಪಿಸ್ಟನ್ ಇಷ್ಟು ಭಾರದ ಗಾಡಿಗೆ ಸಾಲುವುದಿಲ್ಲ. ಅಲ್ಲೊಂದು ಎರಡು ಸಾವಿರ. ಕೊನೆಗೆ ಚಕ್ರ ಹೊರುವ ಸ್ಟಬ್ ಆಕ್ಸಲ್, ಅದರ ಮೇಲೆ ತಿರುಗುವ ಹಬ್, ಕ್ಯಾಲಿಪರ್ ಸಮೇತ ಎರಡೂ ಬದಿಯ ಪೂರ್ತಿ ಸೆಟ್ ಒಂದೇ ಗಾಡಿಯದ್ದು ಸಿಕ್ಕಿತು, ಒಂಬತ್ತೂವರೆ ಸಾವಿರಕ್ಕೆ. ಬಿಡಿ ಬಿಡಿಯಾಗಿ ಕೂಡಿಸಲು ಹೋಗಬೇಡಿ, ಪೂರ್ತಿ ಸೆಟ್ ಸಿಗುವವರೆಗೆ ಕಾಯಿರಿ.

ಉದ್ಯಮಬಾಗ್‌ನಂಥ ಕೈಗಾರಿಕಾ ಪ್ರದೇಶ ಇರುವ ಊರಲ್ಲಿ ಲೇಥ್‌ಗೇನು ಬರ? ಡಿಸ್ಕ್ ಒಂದನ್ನೇ ಕೊಟ್ಟು ಅದರ ಮುಖ ಲೇಥ್‌ನಲ್ಲಿ ಸಮ ಮಾಡಿಸಬೇಡಿ, ಹಬ್ ಜೊತೆ ಬೋಲ್ಟ್ ಮಾಡಿಯೇ ಕೊಡಿ. ನಮ್ಮ ಟರ್ನರ್ ಅಣ್ಣ ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಮುಳ್ಳು 0.15 ಮಿ.ಮೀ. ಆಚೀಚೆ ಆಡುತ್ತಿತ್ತು. ಟೂಲ್ ಹಚ್ಚುವ ಮೊದಲು ಅವರು ಡಿಸ್ಕ್ ಬಿಚ್ಚಿಸಿದರು. ಹಬ್ ಮುಖದ ಮೇಲೆ ಉಗುರಿನ ತುದಿಯಷ್ಟು ತುಕ್ಕಿನ ಚಕ್ಕೆ. ಎಮರಿ ಹಾಕಿ ಉಜ್ಜಿ ಮತ್ತೆ ಕಟ್ಟಿದರೆ ಅರ್ಧಕ್ಕರ್ಧ ಕಡಿಮೆ. ಆಮೇಲೆ ಹಗುರವಾಗಿ ಒಂದು ಕಟ್, ಮುಳ್ಳು ಹೆಚ್ಚುಕಡಿಮೆ ನಿಂತೇ ಬಿಟ್ಟಿತು. ಬ್ರೇಕ್ ಒತ್ತಿದಾಗ ಪೆಡಲ್ ಕಾಲಡಿ ಕುಣಿಯುತ್ತದೆ ಎಂದು ದೂರುವವರು ಮೊದಲು ಈ ಹಬ್ ಮುಖ ನೋಡಿ.

ಇಷ್ಟಾದರೂ ಇದು ಅರ್ಧ ಕೆಲಸ. ಡಿಸ್ಕ್ ಹಾಕಿಸಿ ಕೈಸುಟ್ಟುಕೊಂಡವರೆಲ್ಲ ಮುಗ್ಗರಿಸಿದ್ದು ಮಾಸ್ಟರ್ ಸಿಲಿಂಡರ್‌ನಲ್ಲಿ, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗದಲ್ಲಿ. ಡ್ರಮ್ ಗಾಡಿಯ ಮಾಸ್ಟರ್ ಒಳಗೆ ಸಣ್ಣ ವಾಲ್ವ್ ಇರುತ್ತದೆ, ಪೆಡಲ್ ಬಿಟ್ಟ ಮೇಲೂ ಪೈಪ್‌ನಲ್ಲಿ ಹತ್ತು ಪಿ.ಎಸ್.ಐ. ಆಸುಪಾಸು ಒತ್ತಡ ಹಿಡಿದಿಡುತ್ತದೆ. ಡ್ರಮ್‌ಗೆ ಸ್ಪ್ರಿಂಗ್ ಇದೆ, ಶೂ ಹಿಂದೆ ಬರುತ್ತದೆ. ಡಿಸ್ಕ್‌ಗೆ ಸ್ಪ್ರಿಂಗ್ ಎಲ್ಲಿದೆ? ಪ್ಯಾಡ್ ಡಿಸ್ಕನ್ನು ಸವರುತ್ತಲೇ ಇರುತ್ತದೆ. ಪರಿಚಯದ ಒಬ್ಬ ಕಾಕಾನ ಗಾಡಿ ಕಾಕತಿ ದಾಟುವಷ್ಟರಲ್ಲಿ ವೀಲ್‌ನಿಂದ ಹೊಗೆ ಬಿಟ್ಟಿತ್ತು. "ಡಿಸ್ಕ್ ಈ ಗಾಡಿಗೆ ಆಗಿಬರೂದಿಲ್ಲ" ಎಂಬ ಮಾತು ಹುಟ್ಟಿದ್ದೇ ಅಲ್ಲಿಂದ. ತಪ್ಪು ಡಿಸ್ಕ್‌ನದ್ದಲ್ಲ. ಇನ್ನೊಂದು ವಿಷಯ: ನನ್ನ ಗಾಡಿಯ ಹಳೆ ಮಾಸ್ಟರ್ ಕಾಲಡಿ, ಫ್ಲೋರ್ ಕೆಳಗೆ. ಕ್ಯಾಲಿಪರ್‌ಗಿಂತ ಕೆಳಗಿದ್ದರೆ ಆಯಿಲ್ ಹಿಂದಕ್ಕೆ ಇಳಿದು ಮೊದಲ ಒತ್ತು ಪೊಳ್ಳಾಗುತ್ತದೆ. ನಾನು ಅದನ್ನು ಕಿತ್ತೇ ಹಾಕಿದೆ. ಮೇಲಿಂದ ತೂಗುವ ಪೆಡಲ್, ಬಾನೆಟ್ ಒಳಗಿನ ಗೋಡೆಗೆ ಬೂಸ್ಟರ್, ಅದರ ಮುಂದೆ ಟ್ಯಾಂಡೆಮ್ ಮಾಸ್ಟರ್. ಅದರಲ್ಲಿ ಮುಂದಿನ ಬ್ರೇಕ್‌ನ ಆಯಿಲ್ ದಾರಿ ಬೇರೆ, ಹಿಂದಿನದು ಬೇರೆ. ಒಂದು ಹೋಸ್ ಹರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುವ ಹಳೆ ಭಯ ತಪ್ಪಿತು.

ಗೋಡೆಯ ತಗಡು ತೆಳು. ಹಾಗೇ ಬೋಲ್ಟ್ ಮಾಡಿದರೆ ಒತ್ತಿದಾಗ ಗೋಡೆಯೇ ಬಾಗುತ್ತದೆ. ಒಳಗೂ ಹೊರಗೂ ಪ್ಲೇಟ್ ಕೊಟ್ಟಿದ್ದೇನೆ. ಬೂಸ್ಟರ್ ಎಷ್ಟು ಓರೆ ಕೂರಬೇಕು, ಪೆಡಲ್‌ನಲ್ಲಿ ರಾಡ್‌ನ ತೂತು ಎಲ್ಲಿ ಬರಬೇಕು, ಈ ಎರಡು ಅಳತೆ ಮಾತ್ರ ಇಲ್ಲಿ ಹಾಕುವುದಿಲ್ಲ. ಇಡೀ ಕೆಲಸದ ಹದ ಅದರಲ್ಲೇ ಇದೆ, ಗಾಡಿ ತಂದವರಿಗೆ ತೋರಿಸುತ್ತೇನೆ. ಬೂಸ್ಟರ್ ರಾಡ್‌ಗೂ ಮಾಸ್ಟರ್ ಪಿಸ್ಟನ್‌ಗೂ ನಡುವೆ ಒಂದು ಮಿ.ಮೀ. ಹತ್ತಿರ ಸಂದು ಬಿಡಿ, ಸಂದೇ ಇಲ್ಲದಿದ್ದರೆ ಬಿಸಿಯಾದ ಮೇಲೆ ಬ್ರೇಕ್ ಬಿಡುವುದಿಲ್ಲ.

ವ್ಯಾಕ್ಯೂಮ್ ಬಗ್ಗೆ ಸ್ವಲ್ಪ. ಐಡಲ್‌ನಲ್ಲಿ ನನ್ನ ಎಂಜಿನ್ 15 ಇಂಚು (ಪಾದರಸದ ಲೆಕ್ಕ) ವ್ಯಾಕ್ಯೂಮ್ ತೋರಿಸುತ್ತಿತ್ತು. ಬೂಸ್ಟರ್ ಮಂಕಾಗಿತ್ತು, ಬೂಸ್ಟರ್‌ನದ್ದೇ ದೋಷ ಎಂದರು. ಟ್ಯಾಪೆಟ್, ಟೈಮಿಂಗ್ ಸರಿ ಮಾಡಿ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಬದಲಿಸಿದ ಮೇಲೆ 18 ದಾಟಿತು, ಪೆಡಲ್ ಹೂವಿನಂತಾಯಿತು. ಡೀಸೆಲ್ ಅಂಬಾಸಿಡರ್ ಇದ್ದವರಿಗೆ ಈ ದಾರಿ ಇಲ್ಲ, ಅಲ್ಲಿ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ಸುಮ್ನೆ ಕುತೂಹಲಕ್ಕೆ ಒಂದು ಸಣ್ಣ ತಗಡಿನ ಡಬ್ಬಿಯನ್ನು ನಾನ್-ರಿಟರ್ನ್ ವಾಲ್ವ್ ಜೊತೆ ನಡುವೆ ಸೇರಿಸಿ ನೋಡಿದೆ, ಎಂಜಿನ್ ಬಂದಾದ ಮೇಲೂ ಎರಡು ಒತ್ತು ಜಾಸ್ತಿ ಸಿಕ್ಕಿತು. ವ್ಯಾಕ್ಯೂಮ್‌ಗೆ ಡಬ್ಬಿ ಒಳಗೆ ಕುಗ್ಗುವಂತೆ ಕಂಡಿತು, ತೆಗೆದೆ. ದಪ್ಪ ತಗಡಿನದ್ದು ಮಾಡಿಸಬೇಕು.

ಮುಂದೆ ಬಲ ಬಂತು, ಹಿಂದಿನ ಡ್ರಮ್ ಹಾಗೇ ಇದೆ. ಜೋರಾಗಿ ಒತ್ತಿದಾಗ ಭಾರ ಮುಂದಕ್ಕೆ ಬಿದ್ದು ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತಿತ್ತು, ಒದ್ದೆ ರಸ್ತೆಯಲ್ಲಿ ಬಾಲ ತಿರುಗುವ ಅಪಾಯ. ಹಿಂದಿನ ಬ್ರೇಕ್‌ನ ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವ್‌ಗೆ ಮೂರು ಸಾವಿರ ಹೇಳಿದರು. ನಾನು ಹಿಂದೆ ಸ್ವಲ್ಪ ಸಣ್ಣ ಬೋರ್‌ನ ವೀಲ್ ಸಿಲಿಂಡರ್ ಹಾಕಿದೆ, ಆರುನೂರರಲ್ಲಿ ಮುಗಿಯಿತು. ಈಗ ಮುಂದಿನದು ಮೊದಲು ಕಚ್ಚುತ್ತದೆ.

ಒಟ್ಟು ಖರ್ಚು ಬಾಯಿಲೆಕ್ಕದಲ್ಲಿ ಹೇಳುತ್ತೇನೆ. ಸೆಟ್ ಒಂಬತ್ತೂವರೆ, ಬೂಸ್ಟರ್ ಮತ್ತು ಮಾಸ್ಟರ್ ಐದರ ಮೇಲೆ, ಪ್ಯಾಡ್, ಸೀಲ್, ಹೋಸ್, ಬ್ರೇಕ್ ಪೈಪ್ ಎಲ್ಲ ಸೇರಿ ನಾಲ್ಕು, ಲೇಥ್ ಮತ್ತು ವೆಲ್ಡಿಂಗ್ ಎರಡೂವರೆ. ಹಾಳಾದದ್ದೂ ಸೇರಿದರೆ ಇಪ್ಪತ್ತೇಳು ಸಾವಿರದ ಮೇಲೆ. ಮೊದಲು 60ರ ವೇಗದಿಂದ ನಿಲ್ಲಲು ಮೂವತ್ತು ಮೀಟರ್ ಬೇಕಿತ್ತು, ಈಗ ಇಪ್ಪತ್ತು, ಇಪ್ಪತ್ತೊಂದು. ಅದರಲ್ಲಿ ರೇಡಿಯಲ್ ಟೈರ್‌ನ ಪಾಲೂ ಇದೆ. ಹಳೆ ನೈಲಾನ್ ಟೈರ್ ಇಟ್ಟುಕೊಂಡು ಈ ಕೆಲಸಕ್ಕೆ ಕೈ ಹಾಕಬೇಡಿ, ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತದೆ.

ಮೊನ್ನೆ ಅದೇ ಶಹಾಪುರದ ಮಿಸ್ತ್ರಿಯನ್ನೇ ಸ್ಟಿಯರಿಂಗ್ ಹಿಂದೆ ಕೂರಿಸಿ ವಂಟಮೂರಿ ಘಾಟ್ ಇಳಿಸಿದೆ. ಕೆಳಗೆ ನಿಲ್ಲಿಸಿ ಇಳಿದು, ಚಕ್ರದ ಹತ್ತಿರ ಕೈ ಹಿಡಿದು ಬಿಸಿ ನೋಡಿದರು. "ನಮ್ಮ ಗಿರಾಕಿದು ಒಂದ್ ಪದ್ಮಿನಿ ಕಾರ್ ಐತ್ರಿ, ಅದಕ್ಕೂ ಆಗತೈತೇನ್ರಿ?" ಎಂದರು. ಆಗುತ್ತದೆ, ಆದರೆ ಪದ್ಮಿನಿಯ ಹಬ್ ಬೇರೆ, ಅಂಬಾಸಿಡರ್ ಸೆಟ್ ಅದಕ್ಕೆ ಕೂರುವುದಿಲ್ಲ. ಬ್ರಾಕೆಟ್‌ನ ಅಳತೆಗೆ ರಟ್ಟು ಕತ್ತರಿಸಿ ಟರ್ನರ್ ಅಣ್ಣನಿಗೆ ಕೊಟ್ಟಿದ್ದೇನೆ. ಅದರ ಲೆಕ್ಕ ಆ ಗಾಡಿ ಓಡಿದ ಮೇಲೆ ಬರೆಯುತ್ತೇನೆ.