ಅಪಘಾತದ ಗಾಯಕ್ಕೆ ಪರಿಹಾರ: ಯಾವ ಬಾಬ್ತಿಗೆ ಏನು ಸಿಗುತ್ತದೆ, ಅದಕ್ಕೆ ಯಾವ ದಾಖಲೆ ಬೇಕು

ರಸ್ತೆ ಅಪಘಾತದ ಕ್ಲೇಮಿನ ತೀರ್ಪು ಕೈಗೆ ಬಂದಾಗ ಎಲ್ಲರೂ ಮೊದಲು ನೋಡುವುದು ಒಟ್ಟು ಮೊತ್ತವನ್ನು. ಅದರ ಮೇಲಿರುವ ಪಟ್ಟಿಯನ್ನು ಓದುವವರು ಕಡಿಮೆ. ನೋವು ಮತ್ತು ಯಾತನೆಗೆ ಇಷ್ಟು, ಔಷಧೋಪಚಾರಕ್ಕೆ ಇಷ್ಟು, ಚಿಕಿತ್ಸೆಯ ಅವಧಿಯ ಆದಾಯ ನಷ್ಟಕ್ಕೆ ಇಷ್ಟು ಎಂದು ಸಾಲುಸಾಲಾಗಿ ಬರೆದಿರುತ್ತದೆ. ಪ್ರತಿ ಸಾಲಿನ ಹಿಂದೆಯೂ ಒಂದು ದಾಖಲೆ, ಇಲ್ಲವೇ ಒಬ್ಬ ಸಾಕ್ಷಿ ಇರಬೇಕು. ಕೇಳದೆ, ತೋರಿಸದೆ ಬಿಟ್ಟ ಬಾಬ್ತು ಬಹುಪಾಲು ಸೊನ್ನೆಯಾಗಿಯೇ ಉಳಿಯುತ್ತದೆ. ಹಾಗಾಗಿ ಬಾಬ್ತುಗಳ ಪರಿಚಯ ಆಸ್ಪತ್ರೆಯಲ್ಲಿರುವಾಗಲೇ ಆಗಬೇಕು. ವಕೀಲರ ಕಚೇರಿಗೆ ಹೋಗುವ ಹೊತ್ತಿಗೆ ಅರ್ಧ ದಾಖಲೆ ಕಳೆದುಹೋಗಿರುತ್ತದೆ.

ಮೊದಲು, ಯಾವ ಬಾಗಿಲು

ಮೋಟಾರು ವಾಹನ ಕಾಯ್ದೆ 1988ರ ಅಡಿಯಲ್ಲಿ ಗಾಯಾಳುವಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಕಲಂ 166ರ ಅರ್ಜಿಯಲ್ಲಿ ಎದುರು ವಾಹನದವರ ನಿರ್ಲಕ್ಷ್ಯವನ್ನು ರುಜುವಾತು ಮಾಡಬೇಕು, ಆದರೆ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಕೇಳಿದ್ದಕ್ಕಿಂತ ಹೆಚ್ಚು ನ್ಯಾಯವೆಂದು ಕಂಡರೆ ಅದನ್ನೂ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2003ರ ನಾಗಪ್ಪ ಪ್ರಕರಣದಲ್ಲಿ ಹೇಳಿದೆ. ಕಲಂ 164ರಲ್ಲಿ ತಪ್ಪು ಯಾರದೆಂದು ತೋರಿಸುವ ಅಗತ್ಯವಿಲ್ಲ. ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ ನಿಗದಿಯಾಗಿದೆ. ಇಲ್ಲಿ ಎಚ್ಚರ ಬೇಕು: ವಿಮಾ ಕಂಪನಿ ಮುಂದಿಟ್ಟ ಈ ಹಣವನ್ನು ಕಲಂ 149ರ ಇತ್ಯರ್ಥದಲ್ಲಿ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಕಾಲು ಕತ್ತರಿಸಿದ ಪ್ರಕರಣದಲ್ಲಿ ಎರಡೂವರೆ ಲಕ್ಷಕ್ಕೆ ಸಹಿ ಹಾಕುವುದು ದೊಡ್ಡ ನಷ್ಟದ ಬಾಬ್ತು.

ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಕಲಂ 161ರ ಹಿಟ್ ಅಂಡ್ ರನ್ ಯೋಜನೆ ಇದೆ. ಗಂಭೀರ ಗಾಯಕ್ಕೆ 50,000, ಸಾವಿಗೆ ಎರಡು ಲಕ್ಷ. ಇದಕ್ಕೆ ಅರ್ಜಿ ಹೋಗುವುದು ಕಂದಾಯ ಇಲಾಖೆಯ ಕ್ಲೇಮು ವಿಚಾರಣಾಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದಲ್ಲಿ. ಇನ್ನು ನಾಯಿ ಅಡ್ಡ ಬಂದು ತಾನೇ ಬಿದ್ದ ಬೈಕ್ ಮಾಲೀಕನಿಗೆ 166 ಒದಗುವುದಿಲ್ಲ. ಅವನು ನೋಡಬೇಕಾದ್ದು ತನ್ನ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು. ಅದು ಸಾವಿಗೆ, ಕೈಕಾಲು ಅಥವಾ ಕಣ್ಣು ಕಳೆದುಕೊಂಡದ್ದಕ್ಕೆ, ಶಾಶ್ವತ ಪೂರ್ಣ ವೈಕಲ್ಯಕ್ಕೆ ಮಾತ್ರ. ಮೂಳೆ ಮುರಿದು ಕೂಡಿಕೊಂಡರೆ ಅದರಿಂದ ಏನೂ ಬರದು.

166ರ ಅರ್ಜಿಯನ್ನು ಅಪಘಾತವಾದ ಊರಿನಲ್ಲಿ, ಅರ್ಜಿದಾರ ವಾಸಿಸುವ ಅಥವಾ ವ್ಯಾಪಾರ ನಡೆಸುವ ಊರಿನಲ್ಲಿ, ಇಲ್ಲವೇ ಎದುರುದಾರ ವಾಸಿಸುವ ಊರಿನಲ್ಲಿ ಸಲ್ಲಿಸಬಹುದು. ಅಪಘಾತದ ದಿನದಿಂದ ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ನಿಜ. ಅದನ್ನೇ ನೆಚ್ಚಿಕೊಂಡು ಕೂರುವುದು ಜಾಣತನವಲ್ಲ. ಚಿಕಿತ್ಸೆ ಮುಗಿಯಲಿ ಎಂದು ಕಾಯಬೇಕಿಲ್ಲ. ಅರ್ಜಿ ಹಾಕಿಟ್ಟು ವೈಕಲ್ಯದ ಸಾಕ್ಷ್ಯವನ್ನು ಆಮೇಲೆ ಕೊಡಬಹುದು.

ಖರ್ಚಿನ ಬಾಬ್ತುಗಳು

ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ (2010) ಹಾಕಿಕೊಟ್ಟ ವಿಂಗಡಣೆಯನ್ನೇ ಇಂದಿಗೂ ಈ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿಗಳು ಅನುಸರಿಸುತ್ತವೆ. ಲೆಕ್ಕಕ್ಕೆ ಸಿಗುವ ನಷ್ಟ ಒಂದು ಕಡೆ, ಲೆಕ್ಕಕ್ಕೆ ಸಿಗದ ನೋವು ಇನ್ನೊಂದು ಕಡೆ. ಗಾಯ ಸಾಧಾರಣವಾಗಿದ್ದರೆ ಚಿಕಿತ್ಸೆಯ ಖರ್ಚು, ಚಿಕಿತ್ಸೆಯ ಅವಧಿಯ ಆದಾಯ ನಷ್ಟ, ನೋವು ಮತ್ತು ಯಾತನೆ, ಇಷ್ಟೇ. ಮುಂದಿನ ಗಳಿಕೆಯ ನಷ್ಟ, ಮುಂದಿನ ಚಿಕಿತ್ಸೆ, ಜೀವನದ ಸೌಖ್ಯದ ನಷ್ಟ, ಮದುವೆಯ ಅವಕಾಶದ ನಷ್ಟ, ಆಯುಸ್ಸು ಕುಗ್ಗಿದ್ದಕ್ಕೆ ಪರಿಹಾರ ಇವೆಲ್ಲ ಗಂಭೀರ ಗಾಯಕ್ಕೆ, ಅದೂ ವೈದ್ಯರ ನಿರ್ದಿಷ್ಟ ಸಾಕ್ಷ್ಯವಿದ್ದಾಗ.

ಚಿಕಿತ್ಸೆಯ ಬಾಬ್ತಿಗೆ ಮೂಲ ಬಿಲ್ಲುಗಳೇ ಬೇಕು. ಅವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿ ಔಷಧಿ ಬಿಲ್ಲಿನ ಜೊತೆ ಅದರ ಚೀಟಿಯನ್ನು ಸೇರಿಸಿ, ಮೇಲೊಂದು ಪಟ್ಟಿ ಇಡಿ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ ಮುಂಗಡ ಕಟ್ಟಿದ ರಸೀದಿಗಳನ್ನೂ ಅಂತಿಮ ಬಿಲ್ಲನ್ನೂ ಎರಡೂ ಕೂಡಿಸುವುದು. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಅದನ್ನು ಹಿಡಿದರೆ ಉಳಿದ ಬಿಲ್ಲುಗಳ ಮೇಲೂ ಸಂಶಯದ ನೆರಳು ಬೀಳುತ್ತದೆ. ರೋಗಿಯ ಹೆಸರಿಲ್ಲದ ಬಿಲ್ಲು, ಡಿಸ್ಚಾರ್ಜ್ ಆದ ಮೇಲೆ ಚೀಟಿಯಿಲ್ಲದೆ ಕೊಂಡ ಔಷಧಿ ಇವೂ ಬಿದ್ದುಹೋಗುತ್ತವೆ. ಮೆಡಿಕ್ಲೇಮ್‌ನಿಂದ ಬಂದ ಹಣವನ್ನು ಕಳೆಯಬೇಕೇ ಎಂಬ ವಿಷಯದಲ್ಲಿ ಹೈಕೋರ್ಟುಗಳಲ್ಲಿ ಒಮ್ಮತವಿಲ್ಲ. ಕಳೆಯಬಾರದು ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರಲ್ಲಿ ಹೇಳಿದೆ, ಕಳೆಯಬೇಕು ಎಂಬ ತೀರ್ಪುಗಳೂ ಇವೆ. ಬಂದ ಹಣವನ್ನು ಮುಚ್ಚಿಡುವುದಕ್ಕಿಂತ ತೋರಿಸಿ ವಾದಿಸುವುದೇ ಕ್ಷೇಮ. 2025ರ ಮೇನಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಗರಿಷ್ಠ ಏಳು ದಿನ, ಒಂದೂವರೆ ಲಕ್ಷದವರೆಗಿನ ಚಿಕಿತ್ಸೆ ದೊರೆಯುತ್ತದೆ. ಅದರಲ್ಲಿ ತೀರಿದ ಬಿಲ್ಲನ್ನು ನಿಮ್ಮ ಖರ್ಚೆಂದು ಮತ್ತೆ ಕೇಳಲಾಗದು.

ಓಡಾಟ, ಪೌಷ್ಟಿಕ ಆಹಾರ, ಆರೈಕೆದಾರರ ಖರ್ಚು ಇವಕ್ಕೆ ಬಿಲ್ಲು ಸಿಗುವುದು ಕಷ್ಟ. ಆಸ್ಪತ್ರೆಯಲ್ಲಿದ್ದ ದಿನಗಳ ಸಂಖ್ಯೆಯನ್ನು ನೋಡಿ ನ್ಯಾಯಮಂಡಳಿ ಒಂದು ಮೊತ್ತ ಹಾಕುತ್ತದೆ. ಆದರೆ ಹಾಸಿಗೆ ಹಿಡಿದವರ ಕಥೆ ಬೇರೆ. ಬೆನ್ನುಹುರಿಗೆ ಪೆಟ್ಟು, ತಲೆಗೆ ತೀವ್ರ ಪೆಟ್ಟು ಬಿದ್ದವರಿಗೆ ಆರೈಕೆದಾರರ ಖರ್ಚನ್ನೂ ಗುಣಕ (ವರ್ಷದ ಮೊತ್ತವನ್ನು ಗುಣಿಸಲು ವಯಸ್ಸಿಗೆ ತಕ್ಕಂತೆ ನಿಗದಿಯಾದ ಸಂಖ್ಯೆ) ಹಾಕಿಯೇ ಲೆಕ್ಕ ಮಾಡಬೇಕು ಎಂದು ಕಾಜಲ್ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಹೇಳಿತು. ಆ ಬಾಲಕಿಗೆ ತಿಂಗಳಿಗೆ ತಲಾ 5,000ದಂತೆ ಇಬ್ಬರು ಆರೈಕೆದಾರರು, ಗುಣಕ 18, ಒಟ್ಟು 21,60,000 ರೂಪಾಯಿ. ಮನೆಯವರೇ ನೋಡಿಕೊಳ್ಳುತ್ತಿದ್ದಾರೆ ಎಂದು ಈ ಬಾಬ್ತನ್ನು ಬಿಟ್ಟುಬಿಡಬೇಡಿ.

ಮುಂದಿನ ಚಿಕಿತ್ಸೆಗೆ ವೈದ್ಯರ ಬರಹದ ಅಂದಾಜು ಬೇಕು: ಒಳಗೆ ಕೂರಿಸಿದ ರಾಡು, ಪ್ಲೇಟು ತೆಗೆಯಲು ಎಷ್ಟು, ಫಿಸಿಯೋಥೆರಪಿ ಎಷ್ಟು ತಿಂಗಳು ಎಂದು. ಕೃತಕ ಕಾಲು ಒಮ್ಮೆ ಹಾಕಿಸಿದರೆ ಜನ್ಮಪೂರ್ತಿ ಬಾಳುವುದಿಲ್ಲ. ಬದಲಿ ಕಾಲು ಮತ್ತು ರಿಪೇರಿಯ ಖರ್ಚನ್ನು ಸೇರಿಸಿ ಕೊಟೇಶನ್ ತನ್ನಿ. ಕರ್ನಾಟಕದಲ್ಲಿ ಈ ಬಾಬ್ತಿನ ಮೇಲೆ ಸಾಮಾನ್ಯವಾಗಿ ಬಡ್ಡಿ ಕೊಡುವುದಿಲ್ಲ, ಖರ್ಚು ಇನ್ನೂ ಆಗಿಲ್ಲವೆಂಬ ಕಾರಣಕ್ಕೆ.

ದೊಡ್ಡ ಹಣ ಇರುವ ಬಾಬ್ತು

ಶಾಶ್ವತ ವೈಕಲ್ಯದಿಂದ ಮುಂದಿನ ಗಳಿಕೆಗೆ ಆಗುವ ನಷ್ಟವೇ ಹೆಚ್ಚಿನ ಪ್ರಕರಣಗಳಲ್ಲಿ ದೊಡ್ಡ ಸಾಲು. ಸೂತ್ರ ಸರಳ: ವರ್ಷದ ಆದಾಯ, ಗುಣಕ, ಗಳಿಕೆ ಸಾಮರ್ಥ್ಯದ ನಷ್ಟದ ಶೇಕಡಾವಾರು, ಮೂರನ್ನೂ ಗುಣಿಸುವುದು. ಗುಣಕಕ್ಕೆ ಸರಳಾ ವರ್ಮಾ ಪ್ರಕರಣದ (2009) ಪಟ್ಟಿ ಇದೆ. 15ರಿಂದ 25 ವಯಸ್ಸಿಗೆ 18, 30ರವರೆಗೆ 17, 35ರವರೆಗೆ 16, 40ರವರೆಗೆ 15, 45ರವರೆಗೆ 14, 50ರವರೆಗೆ 13. ಆಮೇಲೆ ಐದೈದು ವರ್ಷಕ್ಕೆ 11, 9, 7, 65 ದಾಟಿದವರಿಗೆ 5. ಇದರಲ್ಲಿ ಜಗಳವಾಡಲು ಏನೂ ಇಲ್ಲ, ವಯಸ್ಸಿನ ದಾಖಲೆಯೊಂದು ಸರಿಯಿದ್ದರಾಯಿತು. ಆಧಾರ್, ಶಾಲೆಯ ದಾಖಲೆ, ಗಾಯದ ಪ್ರಮಾಣಪತ್ರಗಳಲ್ಲಿ ಒಂದೊಂದರಲ್ಲೂ ಒಂದೊಂದು ವಯಸ್ಸಿದ್ದರೆ ಗುಣಕ ಒಂದು ಮೆಟ್ಟಿಲು ಇಳಿಯಬಹುದು.

ಆದಾಯಕ್ಕೆ ಸಂಬಳದ ಚೀಟಿಯೊಂದೇ ಸಾಲದು. ಬ್ಯಾಂಕ್ ಖಾತೆಗೆ ಸಂಬಳ ಬಿದ್ದ ದಾಖಲೆ ಬೇಕು, ಸಾಧ್ಯವಾದರೆ ಕೆಲಸ ಕೊಟ್ಟವರು ಬಂದು ಸಾಕ್ಷಿ ಹೇಳಬೇಕು. ಸ್ವಂತ ವ್ಯಾಪಾರದವರಿಗೆ ಅಪಘಾತಕ್ಕೆ ಮೊದಲಿನ ವರ್ಷಗಳ ಆದಾಯ ತೆರಿಗೆ ರಿಟರ್ನ್ ಬೇಕು. ಅಪಘಾತದ ನಂತರ ಸಲ್ಲಿಸಿದ ರಿಟರ್ನನ್ನು ಸಂಶಯದಿಂದ ನೋಡುವುದುಂಟು. ಏನೂ ದಾಖಲೆ ಇಲ್ಲದ ಕೂಲಿಕಾರರಿಗೆ, ಗೃಹಿಣಿಯರಿಗೆ ಕರ್ನಾಟಕದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಮಾಡಿದ ಕಾಲ್ಪನಿಕ ಆದಾಯದ ಪಟ್ಟಿಯನ್ನು, ಅಪಘಾತವಾದ ವರ್ಷವನ್ನು ನೋಡಿ, ನ್ಯಾಯಾಲಯಗಳೂ ಬಳಸುತ್ತವೆ.

ಈ ಆದಾಯದ ಮೇಲೆ ಭವಿಷ್ಯದ ಏರಿಕೆಯನ್ನೂ ಸೇರಿಸಬೇಕು. ಪ್ರಣಯ್ ಸೇಠಿ ಪ್ರಕರಣದ (2017) ಪ್ರಕಾರ 40ರೊಳಗಿನ ಸ್ವಉದ್ಯೋಗಿಗಳಿಗೆ, ನಿಗದಿತ ಸಂಬಳದವರಿಗೆ ಶೇ. 40, 50ರವರೆಗೆ ಶೇ. 25, 60ರವರೆಗೆ ಶೇ. 10, ಕಾಯಂ ನೌಕರರಿಗೆ ಇದೇ ಕ್ರಮದಲ್ಲಿ 50, 30, 15. ಅದು ಸಾವಿನ ಪ್ರಕರಣ, ಗಾಯಕ್ಕೆ ಅನ್ವಯಿಸದು ಎಂಬ ವಾದ ಈಗಲೂ ಕೇಳಿಬರುತ್ತದೆ. ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದೆ. ಇನ್ನೊಂದು ತಪ್ಪು ಲೆಕ್ಕವೂ ಉಂಟು: ಸಾವಿನ ಪ್ರಕರಣದಂತೆ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆಯುವುದು. ಗಾಯಾಳು ಬದುಕಿದ್ದಾನೆ, ಉಣ್ಣುತ್ತಾನೆ, ಉಡುತ್ತಾನೆ. ಆ ಕಡಿತಕ್ಕೆ ಇಲ್ಲಿ ಜಾಗವಿಲ್ಲ.

ಉಳಿದದ್ದು ಶೇಕಡಾವಾರು. ನಿಜವಾದ ಹೋರಾಟ ನಡೆಯುವುದು ಇಲ್ಲಿ. ಮೂಳೆ ವೈದ್ಯರು ಬಲಗಾಲಿನ ವೈಕಲ್ಯ ಶೇ. 36 ಎಂದು ಬರೆದಿದ್ದಾರೆ ಎನ್ನೋಣ. ಅದು ಆ ಕಾಲಿಗೆ ಸೀಮಿತವಾದ ಅಂಕಿ. ಕರ್ನಾಟಕದ ರೂಢಿಯಲ್ಲಿ ಅದರ ಮೂರನೇ ಒಂದು ಭಾಗವನ್ನು, ಅಂದರೆ ಶೇ. 12ನ್ನು, ಇಡೀ ದೇಹದ ವೈಕಲ್ಯವೆಂದು ತೆಗೆದುಕೊಳ್ಳುತ್ತಾರೆ. ಬಹಳಷ್ಟು ತೀರ್ಪುಗಳು ಅಲ್ಲಿಗೇ ನಿಂತುಬಿಡುತ್ತವೆ. ಆದರೆ ರಾಜ್‌ಕುಮಾರ್ ತೀರ್ಪು ಕೇಳುವ ಪ್ರಶ್ನೆ ಬೇರೆ: ಈ ವೈಕಲ್ಯ ಈ ವ್ಯಕ್ತಿಯ ಈ ಕೆಲಸವನ್ನು ಎಷ್ಟು ಕಿತ್ತುಕೊಂಡಿದೆ? ಎಡಗೈ ಹೋದ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು, ಎಡಗೈ ಹೋದ ಚಾಲಕ ಅಥವಾ ಬಡಗಿ ಕೆಲಸವನ್ನೇ ಕಳೆದುಕೊಳ್ಳುತ್ತಾನೆ.

ಅಂಕಿಯಲ್ಲೇ ನೋಡಿ. 32 ವಯಸ್ಸಿನ ಟೈಲ್ಸ್ ಕೂರಿಸುವವನ ಆದಾಯ ತಿಂಗಳಿಗೆ 15,000. ಶೇ. 40 ಸೇರಿಸಿದರೆ 21,000, ವರ್ಷಕ್ಕೆ 2,52,000, ಗುಣಕ 16 ಹಾಕಿದರೆ 40,32,000. ಇದರ ಶೇ. 12 ಎಂದರೆ 4,83,840. ಮಂಡಿ ಮಡಿಸಲಾಗದೆ ಅವನು ಇನ್ನು ನೆಲದ ಕೆಲಸ ಮಾಡಲಾರ ಎಂಬುದನ್ನು ಸಾಕ್ಷ್ಯದಲ್ಲಿ ತೋರಿಸಿ ನಷ್ಟ ಶೇ. 30 ಎಂದು ಒಪ್ಪಿಸಿದರೆ 12,09,600. ಗಾಯವೂ ಅದೇ, ಎಕ್ಸ್‌ರೇಯೂ ಅದೇ. ಏಳು ಲಕ್ಷಕ್ಕೂ ಮಿಕ್ಕಿದ ವ್ಯತ್ಯಾಸ ಬಂದದ್ದು ಸಾಕ್ಷ್ಯದಿಂದ. ಹೀಗಾಗಿ ವೈದ್ಯರನ್ನು ವಿಚಾರಿಸುವಾಗ ಶೇಕಡಾವಾರು ಹೇಳಿಸಿ ಬಿಡಬಾರದು. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ, ಕುಕ್ಕರುಗಾಲಲ್ಲಿ ಕೂರಬಲ್ಲನೇ, ಭಾರ ಹೊತ್ತು ಮೆಟ್ಟಿಲು ಹತ್ತಬಲ್ಲನೇ ಎಂದು ಒಂದೊಂದನ್ನೂ ಹೇಳಿಸಬೇಕು. ಅವನು ಮಾಡುತ್ತಿದ್ದ ಕೆಲಸದಲ್ಲಿ ದಿನವಿಡೀ ಏನೇನು ಮಾಡಬೇಕಾಗುತ್ತದೆ ಎಂಬುದು ಅರ್ಜಿದಾರನ ಅಫಿಡವಿಟ್‌ನಲ್ಲಿ ಮೊದಲೇ ಬಂದಿರಬೇಕು.

ವೈಕಲ್ಯದ ಪ್ರಮಾಣಪತ್ರವನ್ನು ಬರೀ ಹಾಜರುಪಡಿಸಿದರೆ ಸಾಲದು, ವೈದ್ಯರೇ ಬಂದು ಪಾಟೀಸವಾಲಿಗೆ ಒಳಗಾಗಬೇಕು. ಚಿಕಿತ್ಸೆ ನೀಡಿದವರೇ ಬಂದರೆ ಒಳ್ಳೆಯದು. ಒಮ್ಮೆ ನೋಡಿ ಬರೆದುಕೊಟ್ಟವರ ಅಂಕಿಯನ್ನು ನ್ಯಾಯಮಂಡಳಿ ಧಾರಾಳವಾಗಿ ಕತ್ತರಿಸುತ್ತದೆ. ಮೂಳೆ ಪೂರ್ತಿ ಕೂಡುವ ಮೊದಲೇ ಅಳೆಸಿದರೆ ‘ಇದು ತಾತ್ಕಾಲಿಕ’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಅದೇ ಸಂಬಳದಲ್ಲಿ ಅದೇ ಹುದ್ದೆಗೆ ಮರಳಿದ ಸರ್ಕಾರಿ ನೌಕರನಿಗೆ ಈ ಬಾಬ್ತು ಸಾಮಾನ್ಯವಾಗಿ ಸಿಗುವುದಿಲ್ಲ. ಅಂಥವರು ಚಿಕಿತ್ಸೆಗೆ ಬಳಸಿದ ಗಳಿಕೆ ರಜೆಯ ನಷ್ಟವನ್ನು ಕೇಳಬೇಕು, ಸೌಖ್ಯದ ನಷ್ಟಕ್ಕೆ ಒತ್ತು ಕೊಡಬೇಕು.

ನೋವು ಮತ್ತು ಸೌಖ್ಯ

ನೋವಿಗೆ ಸೂತ್ರವಿಲ್ಲ. ಮುರಿತಗಳ ಸಂಖ್ಯೆ, ಶಸ್ತ್ರಚಿಕಿತ್ಸೆಗಳ ಸಂಖ್ಯೆ, ಆಸ್ಪತ್ರೆಯ ದಿನಗಳು, ಇವನ್ನು ನೋಡಿ ಮೊತ್ತ ಹಾಕುತ್ತಾರೆ. ಸೌಖ್ಯದ ನಷ್ಟವೆಂದರೆ ನಡೆಯುವ, ಆಡುವ, ಮಗುವನ್ನು ಎತ್ತಿಕೊಳ್ಳುವ ಸುಖ ಹೋದದ್ದಕ್ಕೆ. ಗಳಿಕೆಯ ನಷ್ಟವಾಗಿ ದೊಡ್ಡ ಮೊತ್ತ ಕೊಟ್ಟಿದ್ದರೆ ಇದನ್ನು ಸಾಂಕೇತಿಕವಾಗಿ ಇಳಿಸುವುದುಂಟು. ಅವಿವಾಹಿತರು ಮದುವೆಯ ಅವಕಾಶದ ನಷ್ಟವನ್ನು ಪ್ರತ್ಯೇಕವಾಗಿ ಕೇಳಲಿ.

ಎಲ್ಲ ಬಾಬ್ತಿಗೂ ಕತ್ತರಿ ಹಾಕುವ ಒಂದು ಸಾಲು

ತುರ್ತು ಚಿಕಿತ್ಸಾ ವಿಭಾಗದಲ್ಲಿ ‘ಹೇಗಾಯ್ತು?’ ಎಂದು ಕೇಳುತ್ತಾರೆ. ಜೊತೆಗೆ ಬಂದವರು ಗಾಬರಿಯಲ್ಲಿ ‘ಬೈಕಿಂದ ಬಿದ್ದರು’ ಎನ್ನುತ್ತಾರೆ. ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳನ್ನು ಆಸ್ಪತ್ರೆ ದಾಖಲಿಸುವ ಮೆಡಿಕೋ ಲೀಗಲ್ ರಿಜಿಸ್ಟರಿನಲ್ಲಿ ಅದೇ ಬರಹ ಉಳಿಯುತ್ತದೆ. ವರ್ಷದ ನಂತರ ವಿಮಾ ಕಂಪನಿ ಆ ಪುಟವನ್ನು ತರಿಸಿ, ಗುದ್ದಿದ ವಾಹನವನ್ನು ಆಮೇಲೆ ಹೊಂದಿಸಿದ್ದಾರೆ ಎಂದು ವಾದಿಸುತ್ತದೆ. ಎಫ್‌ಐಆರ್ ಕೂಡ ತಡವಾಗಿದ್ದರೆ ಅರ್ಜಿ ವಜಾ ಆಗುವುದೂ ಉಂಟು. ಡಿಕ್ಕಿ ಹೊಡೆದ ವಾಹನದ ಬಗೆ, ಗೊತ್ತಿದ್ದರೆ ಸಂಖ್ಯೆ, ಅಪಘಾತದ ಜಾಗ ಇಷ್ಟನ್ನು ಅಲ್ಲಿ ಬರೆಸಿ, ಓದಿ ನೋಡಿ. ಪೊಲೀಸ್ ದೂರನ್ನು ಅದೇ ದಿನ ಅಥವಾ ಮರುದಿನ ಕೊಡಿ. ತಡವಾದರೆ ಕಾರಣವನ್ನು ದೂರಿನಲ್ಲೇ ಬರೆಯಿರಿ.

ಸ್ಥಳ ಮಹಜರು, ನಕ್ಷೆ, ವಾಹನ ತಪಾಸಣಾ ವರದಿ, ದೋಷಾರೋಪ ಪಟ್ಟಿ ಇವುಗಳ ಪ್ರತಿಗಳನ್ನು ಪಡೆದು ಹೊಂದಿಸಿ ನೋಡಿ. ನಿಮ್ಮದೂ ಶೇ. 25 ತಪ್ಪಿದೆ ಎಂದಾದರೆ ಇಡೀ ಪರಿಹಾರದಲ್ಲಿ ಕಾಲು ಭಾಗ ಹೋಗುತ್ತದೆ.

ತೀರ್ಪಿನ ನಂತರ

ಕರ್ನಾಟಕದಲ್ಲಿ ಸಾಮಾನ್ಯವಾಗಿ ಅರ್ಜಿಯ ದಿನದಿಂದ ಶೇ. 6 ಬಡ್ಡಿ ಸೇರುತ್ತದೆ. ತೀರ್ಪಾದ 30 ದಿನಗಳೊಳಗೆ ಹಣ ಠೇವಣಿಯಾಗಬೇಕು. ಸಿಕ್ಕಿದ್ದು ಕಡಿಮೆ ಎನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ. ವ್ಯಾಜ್ಯದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಅವಕಾಶವಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿಯೇ ಇಲ್ಲ. ಆದ್ದರಿಂದ ವೈಕಲ್ಯದ ಅಳತೆ ಆಗುವ ಮೊದಲು ರಾಜಿಗೆ ಕೂರಬಾರದು, ಕೂತಾಗ ಒಟ್ಟು ಮೊತ್ತದ ಮೇಲೆ ಚೌಕಾಸಿ ಮಾಡದೆ ಮೇಲಿನ ಬಾಬ್ತುಗಳ ಲೆಕ್ಕವನ್ನು ಹಾಳೆಯಲ್ಲಿ ಬರೆದುಕೊಂಡು, ವಿಮಾ ಕಂಪನಿ ಯಾವ ಸಾಲನ್ನು ಎಷ್ಟಕ್ಕೆ ಇಳಿಸುತ್ತಿದೆ ಎಂದು ಕೇಳಬೇಕು.