ಎಂಸಿಬಿ ದೊಡ್ಡದು ಮಾಡಲಿಲ್ಲ, ಲೋಡ್ ಹಂಚಿದೆ

ಮೈಸೂರಿನ ನಮ್ಮ ಮನೆಯಲ್ಲಿ ನವರಾತ್ರಿ ಪಾಡ್ಯಕ್ಕೆ ಹತ್ತಿದ ಸೀರಿಯಲ್ ಸೆಟ್ಟು ತುಳಸಿ ಹಬ್ಬದವರೆಗೂ ಇಳಿಯುವುದಿಲ್ಲ. ಹತ್ತಿರ ಹತ್ತಿರ ನಲವತ್ತು ದಿನ. ಕಳೆದ ಎರಡು ವರ್ಷ ಆ ನಲವತ್ತು ದಿನದಲ್ಲಿ ಓವರ್‌ಲೋಡ್ ಆಗಿ ಒಂದು ಸಲವೂ ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು) ಬಿದ್ದಿಲ್ಲ. “ಹದಿನಾರು ಆಂಪಿಂದು ಹಾಕಿಸಿ ಕೈ ತೊಳ್ಕೊಳಪ್ಪ, ಯಾಕಿಷ್ಟು ಒದ್ದಾಟ” ಅಂತಿದ್ದ ಭಾವನವರೇ ಈಗ ತಮ್ಮ ಮನೆಗೂ ಇದನ್ನೇ ಮಾಡಿಕೊಡು ಅನ್ನುತ್ತಿದ್ದಾರೆ.

ಅವರ ಮಾತು ಕೇಳಿ ನಾನೂ ಒಮ್ಮೆ ಕೆಟ್ಟವನೇ. 2021ರ ದಸರೆ. ಪೋರ್ಟಿಕೋದ ಒಂದೇ ಸಾಕೆಟ್ಟಿನಿಂದ ಅರವತ್ತು ಜೀರೋ ಬಲ್ಬು, 500 ವ್ಯಾಟಿನ ಎರಡು ಹ್ಯಾಲೋಜನ್. ಆ ಸಾಕೆಟ್ಟಿಗೆ ಲೈನ್ ಬಂದಿದ್ದು ನಡುಮನೆಯ ಬೋರ್ಡಿನಿಂದ, ಅಲ್ಲೇ ಫ್ಯಾನು, ಟಿವಿ. 6 ಆಂಪ್ ಎಂಸಿಬಿ ಅರ್ಧ ಗಂಟೆಗೊಮ್ಮೆ ಬೀಳುತ್ತಿತ್ತು. 16 ಹಾಕಿಸಿದೆ, ಬೀಳುವುದು ನಿಂತಿತು. ಮೂರನೇ ರಾತ್ರಿ ಬಾಗಿಲ ಹಿಂದಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ಸುರುಳಿ ಸುತ್ತಿಟ್ಟಿದ್ದ ಎಕ್ಸ್‌ಟೆನ್ಷನ್ ವೈರಿನ ಒಳಸುತ್ತುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ಪಿನ್ ಟಾಪ್ ಕಂದುಬಣ್ಣಕ್ಕೆ ತಿರುಗಿತ್ತು. ಎಂಸಿಬಿ ಮಾತ್ರ ಮೇಲೆಯೇ ಇತ್ತು. ಪಕ್ಕದ ಕೋಣೆಯಲ್ಲಿ ಮಗು ಮಲಗಿತ್ತು. ಆವತ್ತೇ ತೀರ್ಮಾನ ಮಾಡಿದೆ: ಎಂಸಿಬಿ ಬೀಳುತ್ತಿದ್ದರೆ ಲೋಡ್ ಇಳಿಸಬೇಕೇ ಹೊರತು ಎಂಸಿಬಿ ಏರಿಸಬಾರದು.

ಮೊದಲು ಸುಮಾರು 1,200 ರೂಪಾಯಿ ಕೊಟ್ಟು ವೈರನ್ನು ಬಾಯಲ್ಲಿ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ತಂದೆ. ಜೀರೋ ಬಲ್ಬಿಗೆ ಕರೆಂಟೇ ಬೇಡ ಅನ್ನುವವರು ಇವತ್ತಿಗೂ ಇದ್ದಾರೆ. ಹತ್ತು ಬಲ್ಬನ್ನು ಒಟ್ಟಿಗೆ ಹಾಕಿ ಅಳೆದೆ. 0.6 ಆಂಪ್, ಅಂದರೆ ಒಂದೊಂದಕ್ಕೆ 14 ವ್ಯಾಟ್. ಅರವತ್ತಕ್ಕೆ ಲೆಕ್ಕ ಹಾಕಿ! ಎಲ್‌ಇಡಿ ಸೆಟ್ಟಿನ ಕರೆಂಟು ಮೀಟರಿನಲ್ಲಿ ಕಾಣುವುದೇ ಇಲ್ಲ. ಫೇಸ್ ವೈರನ್ನು ಕ್ಲಾಂಪಿನ ಬಾಯಲ್ಲಿ ಹತ್ತು ಸುತ್ತು ಹಾಕಿ, ಹತ್ತು ಪಟ್ಟಾಗಿ ಬಂದದ್ದನ್ನು ಹತ್ತರಿಂದ ಭಾಗಿಸಿದೆ. ಪೆಟ್ಟಿಗೆಯ ಮೇಲಿನ ವ್ಯಾಟ್ ಲೆಕ್ಕಕ್ಕಿಂತ ಆಂಪ್ ಅರ್ಧದಷ್ಟು ಜಾಸ್ತಿಯೇ ಬಂತು. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಅಷ್ಟು ಕೆಟ್ಟದಾಗಿರುತ್ತೆ ಇವುಗಳಲ್ಲಿ. ಹಾಗಾಗಿ ನಾನು ಪೆಟ್ಟಿಗೆ ನೋಡಿ ಲೆಕ್ಕ ಹಾಕುವುದನ್ನೇ ಬಿಟ್ಟೆ.

ಎಲ್ಲವನ್ನೂ ಎಲ್‌ಇಡಿ ಮಾಡಿದರೆ ಮುಗೀತು ಅಂತೀರಿ. ಅಮ್ಮ ಒಪ್ಪಬೇಕಲ್ಲ! ಅರಮನೆಯ ಬಲ್ಬುಗಳನ್ನು ನೋಡಿ ಬೆಳೆದವರು, ಕಾಂಪೌಂಡಿನ ಮೇಲೆ ಆ ಹಳದಿ ಬೆಳಕೇ ಬೇಕು ಅವರಿಗೆ. ನನಗೂ ಅದೇ ಇಷ್ಟ. ಅರವತ್ತು ಜೀರೋ ಬಲ್ಬು ಉಳಿಸಿಕೊಂಡೆ. ಹ್ಯಾಲೋಜನ್ ತೆಗೆದು 30 ವ್ಯಾಟಿನ ಎರಡು ಎಲ್‌ಇಡಿ ಫ್ಲಡ್ ಹಾಕಿದೆ.

2023ರಲ್ಲಿ ಲೈಸೆನ್ಸ್ ಇರುವ ವೈರ್‌ಮನ್ ಕೈಲಿ ಡಿಬಿಯಿಂದ (ಮನೆಯ ಎಂಸಿಬಿಗಳಿರುವ ಮುಖ್ಯ ಪೆಟ್ಟಿಗೆ) ನೇರ 2.5 ಸ್ಕ್ವೇರ್ ಎಂಎಂ ಲೈನ್ ಎಳೆಸಿದೆ. ತುದಿಯಲ್ಲಿ, ಸಜ್ಜದ ಕೆಳಗೆ, ನೀರು ಹೋಗದ ಬಾಕ್ಸು. ಲೈನಿಗೆ 10 ಆಂಪ್ ಎಂಸಿಬಿ, ಕರೆಂಟು ಸೋರಿದರೆ ಬೀಳುವ 30 ಮಿಲಿಆಂಪ್ ಆರ್‌ಸಿಸಿಬಿ, ಬಾಕ್ಸಿನಲ್ಲಿ ತಲಾ 6 ಆಂಪ್ ಎಂಸಿಬಿ ಇರುವ ನಾಲ್ಕು ಲೈನ್. ಯಾವ ಲೈನೂ 3 ಆಂಪ್ ದಾಟಬಾರದು, ಅದು ನನ್ನ ಕಟ್ಟುನಿಟ್ಟು. ಜೀರೋ ಬಲ್ಬು ಮೂವತ್ತು ಮೂವತ್ತರಂತೆ ಎರಡು ಲೈನಿಗೆ, ತಲಾ 1.8. ಇಪ್ಪತ್ತೆಂಟು ಎಲ್‌ಇಡಿ ಸೆಟ್ ಮೂರನೆಯದಕ್ಕೆ, 1.1ರ ಆಸುಪಾಸು. ಫ್ಲಡ್ ನಾಲ್ಕನೆಯದಕ್ಕೆ. ಒಟ್ಟು ಐದು ಚಿಲ್ಲರೆ ಆಂಪ್. ಸೆಟ್ಟುಗಳನ್ನು ಬಿಟ್ಟು ಖರ್ಚು ಎಂಟು ಸಾವಿರದ ಹತ್ತಿರ.

ಅದರಲ್ಲಿ ಸುಮಾರು ಏಳ್ನೂರು ದಂಡವಾದದ್ದು. ನಾಲ್ಕು ಲೈನಿಗೂ ಫೇಸ್ ಮಾತ್ರ ಕಡಿಯುವ ಸಿಂಗಲ್ ಪೋಲ್ ಎಂಸಿಬಿ ಹಾಕಿಸಿದ್ದೆ. ಆ ದೀಪಾವಳಿಯ ಮಳೆಗೆ ಆರ್‌ಸಿಸಿಬಿ ಬಿತ್ತು. ಲೈನ್ ಒಂದೊಂದಾಗಿ ಆಫ್ ಮಾಡಿದರೂ ಬೀಳುತ್ತಲೇ ಇತ್ತು. ನ್ಯೂಟ್ರಲ್ ಬದಿಯಿಂದ ಲೀಕೇಜ್! ರಾತ್ರಿ ಹತ್ತರವರೆಗೆ ಟಾರ್ಚ್ ಹಿಡಿದು ಪಿನ್ ಕಿತ್ತು ಕಿತ್ತು ನೋಡಿದೆ. ಕೊನೆಗೆ ಸಿಕ್ಕಿದ್ದು ಕ್ರೋಟನ್ ಬೇಲಿಯೊಳಗೆ ನೀರು ಕುಡಿದ ಒಂದು ಜಾಯಿಂಟ್. ನಾಲ್ಕನ್ನೂ ಕಿತ್ತು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಹಾಕಿಸಿದೆ. ಈಗ ಕೆಟ್ಟ ಲೈನ್ ಎರಡು ನಿಮಿಷದಲ್ಲಿ ಸಿಗುತ್ತೆ. ಜಾಯಿಂಟುಗಳೆಲ್ಲ ನೆಲದಿಂದ ಒಂದಡಿ ಮೇಲೆ, ವೈರ್ ಕೆಳಗೆ ಬಾಗಿ ಮೇಲೇರುವ ಹಾಗೆ. ಟೇಪ್ ಸುತ್ತುವ ಮುಂಚೆ ನಾನು ಏನು ಬಳಿಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ಮಳೆಗಾಲ ಕಳೆದಿದ್ದೇನೆ.

ಮಧ್ಯೆ ಒಂದು ಪ್ರಯೋಗ. ಕರೆಂಟ್ ಹೋದಾಗಲೂ ಉರಿಯಲಿ ಅಂತ ಮನೆ ಕರೆಂಟಿನ ಹಾಗೆ ನಯವಾದ ಅಲೆ ಕೊಡದ ಹಳೇ ಸ್ಕ್ವೇರ್ ವೇವ್ ಇನ್ವರ್ಟರಿಗೆ ಎಲ್‌ಇಡಿ ಸೆಟ್ ಕೊಟ್ಟೆ. ಹತ್ತು ನಿಮಿಷಕ್ಕೆ ಕಂಟ್ರೋಲರ್ ಡಬ್ಬಿ ಮುಟ್ಟಲಾಗದಷ್ಟು ಕಾಯಿತು, ಒಳಗಿನ ರೆಸಿಸ್ಟರ್ ಕಪ್ಪಾಗಿತ್ತು. ಮೂರು ಸೆಟ್ ಹೋದವು. ನೀವು ಮಾಡಬೇಡಿ.

ಈ ಸಲ ಗೇಟಿನ ಪಕ್ಕದ ಸಂಪಿಗೆ ಮರಕ್ಕೂ ಸೆಟ್ ಹಾಕಬೇಕು ಅಂತ ಮಗಳ ಹಟ. ನಾಲ್ಕನೇ ಲೈನಿನಲ್ಲಿ ಇನ್ನೂ ಎರಡೂವರೆ ಆಂಪ್ ಜಾಗ ಇದೆ.