ಪೂಲ್ ಇದೆಯಾ ಮೇಡಂ?

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಹೋಂಸ್ಟೇಯಲ್ಲಿ ಇರುವುದು ನಾಲ್ಕೇ ರೂಮು. ಹತ್ತು ಜನ ಬಂದರೆ ಮನೆ ತುಂಬಿತು. ಫೋನ್ ಎತ್ತುವುದು ನಾನು, ಅಡುಗೆಮನೆಯ ಉಸ್ತುವಾರಿ ನನ್ನದು, ಲೆಕ್ಕದ ಪುಸ್ತಕವೂ ನನ್ನದೇ. ಹಾಗಾಗಿ 2023ರ ಬೇಸಿಗೆಯಲ್ಲಿ "ಪೂಲ್ ಇದೆಯಾ ಮೇಡಂ?" ಅಂತ ಕೇಳಿಸಿಕೊಂಡು ಕೇಳಿಸಿಕೊಂಡು ತಲೆಕೆಟ್ಟದ್ದೂ ನನಗೇ. ಇಲ್ಲ ಅಂದ ತಕ್ಷಣ ಆ ಕಡೆಯವರು "ಓಕೆ, ಮನೇಲಿ ಕೇಳಿ ಹೇಳ್ತೀನಿ" ಅನ್ನುತ್ತಾರಲ್ಲ, ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮನೆ ಬಾಗಿಲಿಗೆ ಬಂದ ದುಡ್ಡು ವಾಪಸ್ ಹೋದ ಹಾಗೆ ಅನಿಸುತ್ತಿತ್ತು.

ಅದೇ ಹೊತ್ತಿಗೆ ರೋಬಸ್ಟಾ ಕಾಫಿಗೆ ಬೆಲೆ ಏರತೊಡಗಿತ್ತು. ಕೈಯಲ್ಲಿ ನಾಲ್ಕು ಕಾಸು ಆಡುವಾಗ ತೋಟದವರಿಗೆ ಏನಾದರೂ ಕಟ್ಟಿಸುವ ಚಪಲ ಹತ್ತುತ್ತದೆ. ಚಿಕ್ಕಮಗಳೂರಿನಿಂದ ಒಬ್ಬರನ್ನು ಕರೆಸಿ ಕೊಟೇಶನ್ ತೆಗೆದುಕೊಂಡೆವು. 30 ಅಡಿ ಉದ್ದ, 15 ಅಡಿ ಅಗಲ, 4 ಅಡಿ ಆಳದ ಪೂಲ್. ಟೈಲ್ಸ್, ಪಂಪು, ಫಿಲ್ಟರ್, ಸುತ್ತ ಬೇಲಿ ಎಲ್ಲ ಸೇರಿ 14 ಲಕ್ಷ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಇನ್ನೊಂದು ರಾಗ ಎತ್ತಿದ: "ಚಿಕ್ಕಮ್ಮ, ಪೂಲ್ ಎಲ್ಲರ ಹತ್ರನೂ ಇದೆ. ಪಿಕಲ್‌ಬಾಲ್ ಕೋರ್ಟ್ ಹಾಕ್ಸಿ. ನಮ್ಮ ಆಫೀಸಿನವರೆಲ್ಲ ಈಗ ಅದನ್ನೇ ಆಡ್ತಿರೋದು." ಬ್ಯಾಡ್ಮಿಂಟನ್‌ನ ಹಾಗೆ ನೆಟ್ಟು ಕಟ್ಟಿ, ಪ್ಯಾಡಲ್ ಅನ್ನುವ ಚಪ್ಪಟೆ ಬ್ಯಾಟಿನಿಂದ ತೂತಿರುವ ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ ಅದು. ಅದಕ್ಕೂ ಕೊಟೇಶನ್ ಕೇಳಿದೆವು. ಮೇಲೆ ಅಕ್ರಿಲಿಕ್ ಬಳಿದು ಲೈಟು ಹಾಕಿಸಿದರೆ 9 ಲಕ್ಷ. ನಮ್ಮತ್ತೆಗೆ ಹೆಸರು ಬಿಡಿಸಿ ಹೇಳಿದಾಗ, "ಉಪ್ಪಿನಕಾಯಿ ಚೆಂಡಿಗೆ ಒಂಬತ್ತು ಲಕ್ಷವಾ?" ಅಂದರು.

ನಾನು ಒಂದೇ ಮಾತು ಹೇಳಿದೆ: ಒಂದು ಸೀಸನ್ ಬರೆದಿಟ್ಟು ನೋಡೋಣ, ಆಮೇಲೆ ಜೆಸಿಬಿ ಕರೆಸೋಣ.

2023ರ ಅಕ್ಟೋಬರ್‌ನಿಂದ 2024ರ ಮೇ ತಿಂಗಳವರೆಗೆ ಬಂದ ಪ್ರತಿ ವಿಚಾರಣೆಯನ್ನೂ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದೆ. ಯಾವ ದಿನಕ್ಕೆ, ಎಷ್ಟು ಜನ, ಏನೇನು ಕೇಳಿದರು, ಬಂದರಾ, ಬರದಿದ್ದರೆ ಯಾಕೆ. ಕೊನೆಯ ಕಾಲಂ ತುಂಬಿಸುವುದು ಸುಲಭವಲ್ಲ. ಎರಡು ದಿನ ಬಿಟ್ಟು ನಾನೇ ಮೆಸೇಜ್ ಹಾಕಿ "ಎಲ್ಲಿಗೆ ಹೋದಿರಿ ಸರ್?" ಅಂತ ಕೇಳುತ್ತಿದ್ದೆ. ಅರ್ಧಕ್ಕರ್ಧ ಜನ ಉತ್ತರ ಕೊಟ್ಟರು. ಸಂಕೋಚ ಬಿಟ್ಟು ಕೇಳಿದರೆ ಜನ ಹೇಳುತ್ತಾರೆ.

ಮೇ ಕೊನೆಗೆ ಎಣಿಸಿದಾಗ ಒಟ್ಟು 386 ವಿಚಾರಣೆ. ಪೂಲ್ ಕೇಳಿದವರು 71. ನಾನು ಮುನ್ನೂರಾದರೂ ಇರಬಹುದು ಅಂದುಕೊಂಡಿದ್ದೆ! ಆ 71ರಲ್ಲಿ 38 ತಂಡ ಪೂಲ್ ಇಲ್ಲ ಅಂದರೂ ಬಂದವು. ಉಳಿದದ್ದು 33. ಅದರಲ್ಲಿ 21 ತಂಡ ಕೇಳಿದ್ದು ನಮ್ಮ ಮನೆ ಆಗಲೇ ತುಂಬಿದ್ದ ಶನಿವಾರಗಳನ್ನು. ಪೂಲ್ ಇದ್ದರೂ ಅವರನ್ನು ಮಲಗಿಸಲು ನನ್ನ ಹತ್ತಿರ ಮಂಚ ಇರಲಿಲ್ಲ. ಅಲ್ಲಿಗೆ, ಪೂಲ್ ಇಲ್ಲದ್ದಕ್ಕೇ ಕೈತಪ್ಪಿದ್ದು 12 ತಂಡ. ತಂಡಕ್ಕೆ ನಾಲ್ಕು ಜನ, ಕೆಲವರು ಎರಡು ರಾತ್ರಿ ಇರುತ್ತಿದ್ದರು ಅಂತ ಧಾರಾಳವಾಗಿಯೇ ಹಿಡಿದರೂ 60 ತಲೆ-ರಾತ್ರಿ. ಒಬ್ಬ ಗೆಸ್ಟು ಒಂದು ರಾತ್ರಿ ಇದ್ದರೆ ಅದನ್ನು ನಾನು ಒಂದು ತಲೆ-ರಾತ್ರಿ ಅಂತ ಬರೆದುಕೊಳ್ಳುತ್ತೇನೆ.

ಇನ್ನು ಪೂಲ್‌ನ ಖರ್ಚು. ನಮ್ಮ ಮನೆಯವರ ಲೆಕ್ಕದಲ್ಲಿ 14 ಲಕ್ಷ ಹಾಕಿ ಕಟ್ಟಿಸಿದರೆ ಮುಗಿಯಿತು. ನಾನು ಹಾಗೆ ಬಿಡಲಿಲ್ಲ. ಆ ದುಡ್ಡು ಬ್ಯಾಂಕಿನಲ್ಲಿ ನೂರಕ್ಕೆ ಏಳರಂತೆ ಇದ್ದರೆ ವರ್ಷಕ್ಕೆ 98,000 ಬಡ್ಡಿ ತರುತ್ತದೆ, ಅದು ಹೋಯಿತು. ಹನ್ನೆರಡು ವರ್ಷದಲ್ಲಿ ಪೂಲ್ ಹಳೆಯದಾಗಿ ಮತ್ತೆ ಕೈಹಾಕಬೇಕು ಅಂತ ಹಿಡಿದರೆ ಸವಕಳಿ ಸುಮಾರು 1,17,000. ಕಸ ತೆಗೆಯಲು, ಕ್ಲೋರಿನ್ ನೋಡಲು ಒಬ್ಬ ಹುಡುಗನಿಗೆ ಅರ್ಧ ಸಂಬಳ ತಿಂಗಳಿಗೆ 6,000. ಕರೆಂಟು ಮತ್ತು ಕೆಮಿಕಲ್‌ಗೆ ತಿಂಗಳಿಗೆ 4,500. ಸಿಲ್ವರ್ ಓಕ್ ಎಲೆ ದಿನವಿಡೀ ಉದುರುವ ಜಾಗದಲ್ಲಿ ಇದೂ ಕಡಿಮೆಯೇ. ಎಲ್ಲ ಕೂಡಿದರೆ ವರ್ಷಕ್ಕೆ 3,41,000.

ನಮ್ಮ ದರ ಆಗ ಊಟ ತಿಂಡಿ ಸೇರಿ ತಲೆಗೆ 2,800. ಅಕ್ಕಿ, ಕೋಳಿ, ಗ್ಯಾಸು, ಬಟ್ಟೆ ಒಗೆಸುವುದು, ಸಹಾಯಕ್ಕೆ ಬರುವವರ ಕೂಲಿ ಕಳೆದರೆ ಕೈಗುಳಿಯುವುದು 1,700. ಅನೇಕರು ಎಡವುವುದು ಇಲ್ಲೇ: 3,41,000ವನ್ನು 2,800ರಿಂದ ಭಾಗಿಸಿ ಖುಷಿಪಡುತ್ತಾರೆ. ಭಾಗಿಸಬೇಕಾದ್ದು 1,700ರಿಂದ. ಬಂದದ್ದು 200 ತಲೆ-ರಾತ್ರಿ. ಪ್ರತಿ ವರ್ಷ, ಪೂಲ್ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ ಅನ್ನುವಂಥ 200. ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು 60.

ಅಕ್ಕನ ಮಗ ಬಿಡಲಿಲ್ಲ. "ಆ್ಯಪ್‌ನಲ್ಲಿ ಪೂಲ್ ಅಂತ ಟಿಕ್ ಹಾಕಿ ಹುಡುಕೋರಿಗೆ ನಿಮ್ಮ ಮನೆ ಕಾಣೋದೇ ಇಲ್ಲ ಚಿಕ್ಕಮ್ಮ. ಅವರು ಫೋನೂ ಮಾಡಲ್ಲ, ನಿಮ್ಮ ಬುಕ್ಕಿಗೂ ಬರಲ್ಲ." ಸರಿಯಾದ ಮಾತು, ನನಗೆ ಹೊಳೆದೇ ಇರಲಿಲ್ಲ. ಅದಕ್ಕೊಂದು ಉಪಾಯ ಮಾಡಿದೆ. ಆರು ವಾರ, ಪ್ರತಿ ಸೋಮವಾರ ರಾತ್ರಿ ಆ್ಯಪ್ ತೆರೆದು ನಮ್ಮ ಸುತ್ತಮುತ್ತ ಪೂಲ್ ಇರುವ ಐದು ಮನೆಗಳಲ್ಲಿ ಆ ವಾರದ ಮಂಗಳವಾರ, ಬುಧವಾರ, ಗುರುವಾರ ಖಾಲಿ ಇದೆಯಾ ಅಂತ ನೋಡಿದೆ. ಏಪ್ರಿಲ್ ಕೊನೆಯ ರಜೆಯ ಎರಡು ವಾರ ಬಿಟ್ಟರೆ ಹೆಚ್ಚಿನ ಸಲ ಖಾಲಿಯೇ. ಶನಿವಾರ ಅವರೂ ಫುಲ್, ನಾವೂ ಫುಲ್. ಕ್ಯಾಲೆಂಡರಿನಲ್ಲಿ ತುಂಬಿದ ಹಾಗೆ ಕಾಣುವ ದಿನವನ್ನು ಮಾಲೀಕರೇ ಮುಚ್ಚಿಟ್ಟಿರಲೂಬಹುದು. ಖಾಲಿ ಅಂತ ಕಂಡದ್ದು ಮಾತ್ರ ಹೆಚ್ಚುಕಡಿಮೆ ಖಾಲಿಯೇ.

ಇನ್ನು ಹವಾಮಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಚಳಿಗೆ ಮುಖ ತೊಳೆಯಲೂ ಬಿಸಿನೀರು ಕೇಳುವವರು ಪೂಲಿಗೆ ಇಳಿಯುವುದುಂಟೇ? ಮುಖ್ಯವಾಗಿ ಉಳಿಯುವುದು ಫೆಬ್ರವರಿ ಕೊನೆಯಿಂದ ಮೇವರೆಗೆ. ಅದೇ ಹೊತ್ತಿನಲ್ಲಿ ಕೆರೆ ನೀರಿಗೆ ಕಾಫಿಯ ಹಕ್ಕೂ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆ ಪೂಲ್ ಒಮ್ಮೆ ತುಂಬಲು 51,000 ಲೀಟರ್ ಬೇಕು. ಮಾರ್ಚ್‌ನಲ್ಲಿ ಕೆರೆಯ ತಳ ಕಾಣುವಾಗ ಪೂಲಿಗೆ ನೀರು ಬಿಡು ಅಂತ ನಮ್ಮ ಮನೆಯವರಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಲೆಕ್ಕಕ್ಕೆ ಸಿಗದ ಇನ್ನೊಂದಿದೆ. ಕಾವಲಿಲ್ಲದ ನಾಲ್ಕಡಿ ನೀರು, ನಾಲ್ಕು ವರ್ಷದ ಮಕ್ಕಳು, ಹೊರಗೆ ಕ್ಯಾಂಪ್‌ಫೈರ್ ಹತ್ತಿರ ಕೂತ ಅಪ್ಪಂದಿರು. ನನಗೆ ರಾತ್ರಿ ನಿದ್ದೆ ಬರಬೇಕು.

ಹಾಗಂತ ಪೂಲ್ ಹಾಕಿಸಿದವರೆಲ್ಲ ದಡ್ಡರಲ್ಲ. ಸಕಲೇಶಪುರದ ಕಡೆ ಹೈವೇಗೆ ಹತ್ತಿರ ಹತ್ತು ರೂಮು ಇಟ್ಟುಕೊಂಡಿರುವ ಗೆಳತಿ ಒಬ್ಬಳಿದ್ದಾಳೆ. ಅವಳಿಗೆ ವಾರದ ಮಧ್ಯೆ ಕಂಪನಿಗಳ ತಂಡ ಬರುತ್ತದೆ. ಅದೇ 200 ತಲೆ-ರಾತ್ರಿ ಅವಳಿಗೆ ರೂಮಿಗೆ 20. ನನಗೆ ರೂಮಿಗೆ 50. ಅವಳ ಪೂಲ್ ಅವಳಿಗೆ ಸರಿ.

ಪಿಕಲ್‌ಬಾಲ್ ಕೋರ್ಟಿನ ವಿಷಯ ಬೇಗ ಮುಗಿಯಿತು. ಆಟದ ಜಾಗ ಇದೆಯಾ ಅಂತ ಕೇಳಿದ್ದು ಒಂಬತ್ತೇ ತಂಡ, ಅದರಲ್ಲಿ ಆರು ತಂಡದಲ್ಲಿ ಇಪ್ಪತ್ತರ ಮೇಲೆ ಜನ. ನಮ್ಮಲ್ಲಿ ಹಿಡಿಸುವುದಿಲ್ಲ. ಮೇಲಾಗಿ 60 ಅಡಿಗೆ 30 ಅಡಿ ಸಮತಟ್ಟು ಬೇಕಾದರೆ ಮನೆ ಹಿಂದಿನ ಧರೆ ಕಡಿಯಬೇಕಿತ್ತು. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದು ಬಂದದ್ದನ್ನು ನೋಡಿದವರು ಆ ಕೆಲಸಕ್ಕೆ ಕೈಹಾಕುವುದಿಲ್ಲ.

ಕೊಟೇಶನ್ ಕಾಗದ ಮಡಚಿ ಒಳಗಿಟ್ಟ ದಿನವೇ ಸಂಜೆ ಇಬ್ಬರು ಗೆಸ್ಟು ಮಕ್ಕಳು ನಮ್ಮ ಕಣದ ಮೇಲೆ ಚೆಂಡು ಹೊಡೆಯುತ್ತಿದ್ದರು. 70 ಅಡಿ ಉದ್ದ, 40 ಅಡಿ ಅಗಲ, ಮಾವನವರ ಕಾಲದಲ್ಲಿ ಸಿಮೆಂಟು ಹಾಕಿಸಿದ ಕಣ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಕಾಫಿ ಒಣಗುತ್ತದೆ, ಉಳಿದ ದಿನ ನಾಯಿ ಮಲಗಿರುತ್ತದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿಕೊಂಡು ಸಮತಟ್ಟು ಜಾಗ ಎಲ್ಲಿದೆ ಅಂತ ಹುಡುಕಿದ್ದೆ.

ಒಪ್ಪಿಗೆ ಬೇಕಿದ್ದದ್ದು ನಮ್ಮತ್ತೆಯದು. ಕಣಕ್ಕೆ ಪೂಜೆ ಮಾಡುವ ಮನೆ ನಮ್ಮದು, ಚಪ್ಪಲಿ ಹಾಕಿ ಹತ್ತುವ ಹಾಗಿಲ್ಲ. ಅಳುಕುತ್ತಲೇ ಕೇಳಿದೆ. ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತ ಕೂತಿದ್ದವರು, "ಕಾಫಿ ಇದ್ದಾಗ ಬೇಡ. ಖಾಲಿ ಇದ್ದಾಗ ಆಡ್ಕೊಳ್ಳಿ. ನಿನ್ನ ಗಂಡನೂ ಅಲ್ಲೇ ಗೋಲಿ ಆಡಿ ಬೆಳೆದದ್ದು" ಅಂದರು.

2024ರ ಅಕ್ಟೋಬರ್‌ನಲ್ಲಿ ಕೆಲಸ ಮುಗಿಯಿತು. ಬಿರುಕಿಗೆ ಸಿಮೆಂಟು, ಗೆರೆಗೆ ಪೇಂಟು, ನಾಲ್ಕು ಎಲ್‌ಇಡಿ ಲೈಟು, ನೆಟ್ಟು, ರಾಕೆಟ್ಟು, ಪ್ಯಾಡಲ್ಲು ಸೇರಿ 38,000. ಬ್ಯಾಡ್ಮಿಂಟನ್ ಡಬಲ್ಸ್ ಅಂಕಣ ಮತ್ತು ಪಿಕಲ್‌ಬಾಲ್ ಅಂಕಣ ಎರಡರ ಅಳತೆಯೂ ಒಂದೇ, 44 ಅಡಿಗೆ 20 ಅಡಿ. ಹೊರಗೆರೆ ಒಂದು ಸಲ ಎಳೆದರೆ ಸಾಕು. ಒಳಗಿನ ಗೆರೆಯದ್ದೇ ತಕರಾರು: ಬ್ಯಾಡ್ಮಿಂಟನ್ನಿನದು ನೆಟ್ಟಿನಿಂದ ಆರೂವರೆ ಅಡಿ, ಪಿಕಲ್‌ಬಾಲಿನದು ಏಳು. ಅರ್ಧ ಅಡಿ ಅಂತರದಲ್ಲಿ ಬಿಳಿ, ಹಳದಿ ಎರಡು ಗೆರೆ ಬಂದು ಈಗಲೂ ಜಗಳವಾಗುತ್ತದೆ. ಕಂಬಗಳನ್ನು ಮಾತ್ರ ಖಾಯಂ ಹೂಳಿಸಲಿಲ್ಲ. ನೆಲದಲ್ಲಿ ಪೈಪಿನ ತುಂಡು ಕೂರಿಸಿ ಅದರೊಳಗೆ ಕಂಬ ಇಳಿಸುವ ಹಾಗೆ ಮಾಡಿಸಿದೆ. ಮೇಲೆ ಐದಡಿಗೊಂದು, ಕೆಳಗೆ ಮೂರಡಿಗೊಂದು ಕೊಕ್ಕೆ. ಯಾವ ಆಟವೋ ಆ ಎತ್ತರಕ್ಕೆ ನೆಟ್ಟು.

ಎಡವಟ್ಟುಗಳೂ ಆದವು. ಬಯಲಲ್ಲಿ ಗಾಳಿ ಬೀಸಿದರೆ ಶಟಲ್ ಸೀದಾ ಮೆಣಸಿನ ಬಳ್ಳಿಯೊಳಕ್ಕೆ. ಈಗ ಬ್ಯಾಡ್ಮಿಂಟನ್‌ಗಿಂತ ಪಿಕಲ್‌ಬಾಲ್ ಆಡುವವರೇ ಹೆಚ್ಚು, ಆ ಚೆಂಡು ಅಷ್ಟಾಗಿ ಗಾಳಿಗೆ ಹಾರುವುದಿಲ್ಲ. ಅದರ ಟಕ್ ಟಕ್ ಸದ್ದು ತೋಟದ ಕೆಲಸದವರ ಲೈನ್ ಮನೆಗಳವರೆಗೆ ಕೇಳುತ್ತದೆ, ಅವರು ಐದಕ್ಕೆ ಏಳುವವರು. ಹಾಗಾಗಿ ಒಂಬತ್ತಕ್ಕೆ ಲೈಟ್ ಆಫ್. 2025ರ ಜೂನ್‌ನಲ್ಲಿ ಹಾವಸೆ ಕಟ್ಟಿದ ಕಣದ ಮೇಲೆ ಒಬ್ಬರು ಜಾರಿ ಮಣಿಕಟ್ಟು ಉಳುಕಿಸಿಕೊಂಡರು. ತಪ್ಪು ನಮ್ಮದೇ. ಈಗ ಮಳೆಗಾಲ ಪೂರ್ತಿ ಸರಪಳಿ ಕಟ್ಟಿ ಮುಚ್ಚುತ್ತೇವೆ.

ಮೊದಲ ವರ್ಷ "ಕೋರ್ಟ್ ನೋಡಿ ಬಂದ್ವಿ" ಅಂದದ್ದು ನಾಲ್ಕು ತಂಡ, 18 ತಲೆ-ರಾತ್ರಿ. 1,700ರಂತೆ 30,600. ಹಾಕಿದ ದುಡ್ಡಿಗೆ ಇನ್ನೂ ಏಳೆಂಟು ಸಾವಿರ ಬಾಕಿ. ಊಟದ ನಂತರ "ಇನ್ನೇನಿದೆ ಮೇಡಂ ನೋಡೋಕೆ?" ಅನ್ನುವ ಮಾತು ಕಡಿಮೆಯಾದದ್ದು ಮಾತ್ರ ನನಗೆ ಸಿಕ್ಕಿದ ನಿಜವಾದ ಲಾಭ.

ನೋಟ್‌ಬುಕ್ಕಿನ ದೊಡ್ಡ ಉಪಕಾರ ಬೇರೆ ಕಡೆ ಆಯಿತು. ಪೂಲ್ ಎಣಿಸುವಾಗ ಕಣ್ಣಿಗೆ ಬಿದ್ದದ್ದು: "ವೈಫೈ ಬರುತ್ತಾ, ಕರೆಂಟ್ ಹೋದರೆ ಏನು ಮಾಡ್ತೀರಿ?" ಅಂತ ಕೇಳಿ ಬರದೇ ಹೋದವರು 19 ತಂಡ. ಎಲ್ಲರೂ ವಾರದ ಮಧ್ಯೆ, ಲ್ಯಾಪ್‌ಟಾಪ್ ಹಿಡಿದು ಮೂರು ನಾಲ್ಕು ದಿನ ಇರಬೇಕೆಂದವರು. ಪೂಲ್ ಗಲಾಟೆಯಲ್ಲಿ ಈ ಪ್ರಶ್ನೆ ನನ್ನ ತಲೆಯಲ್ಲಿ ನಿಂತೇ ಇರಲಿಲ್ಲ. ದೊಡ್ಡ ಇನ್ವರ್ಟರ್, ಬ್ಯಾಟರಿ, ಫೈಬರ್ ಸಂಪರ್ಕಕ್ಕೆ 62,000 ಆಯಿತು. ಅದು ಒಂದೇ ಬೇಸಿಗೆಯಲ್ಲಿ ವಾಪಸ್ ಬಂತು.

ಡಿಸೆಂಬರ್‌ನಲ್ಲಿ ಕಂಬ ಕಿತ್ತು ಕಾಫಿ ಹರವಿದೆವು. ಮರುದಿನ ಬಂದ ಗೆಸ್ಟೊಬ್ಬರು ಪ್ಯಾಡಲ್ ಹಿಡಿದುಕೊಂಡೇ ಕಣದ ಹತ್ತಿರ ನಿಂತು, "ಕೋರ್ಟ್ ಎಲ್ಲಿ ಮೇಡಂ?" ಅಂದರು. ಕಾಫಿ ಗೋರಿದ ಕಡೆ ಹಳದಿ ಗೆರೆ ಸ್ವಲ್ಪ ಕಾಣುತ್ತಿತ್ತು, ತೋರಿಸಿದೆ. ಫೋಟೋ ಕೆಳಗೆ "ಡಿಸೆಂಬರ್‌ನಿಂದ ಫೆಬ್ರವರಿ ಆಟ ಇಲ್ಲ" ಅಂತ ಹಾಕಿದ್ದು ಅವತ್ತು ರಾತ್ರಿಯೇ.